ವಸಂತವೋ, ಶರತ್ತೋ?

ಪೀಣ್ಯದ ಯಂತ್ರಶಾಲೆಗಳಲ್ಲಿ ಆಯುಧಪೂಜೆಯ ದಿನ ಯಜಮಾನನಿಲ್ಲದೆ ಬೂದುಗುಂಬಳ ಒಡೆಯುವಂತಿಲ್ಲ; ವೈಟ್‌ಫೀಲ್ಡಿನ ಲೆಕ್ಕಪತ್ರದ ಕಚೇರಿಗಳಲ್ಲಿ ಮಾರ್ಚ್ 31 ಕಳೆಯುವವರೆಗೆ ರಜೆಯ ಮಾತಿಲ್ಲ. ಮಕ್ಕಳಿಗೆ ದೊಡ್ಡ ರಜೆ ಏಪ್ರಿಲ್‌ನಲ್ಲಿ; ದಸರೆಯದು ಚಿಕ್ಕದು. ತಿಂಗಳ ಕಾಲ ಜಪಾನನ್ನು ಸುತ್ತಿ ನೋಡಬೇಕೆಂಬ ಇಲ್ಲಿನ ಕುಟುಂಬಗಳು ಯಾವ ಋತುವನ್ನು ಆರಿಸಿಕೊಳ್ಳಬೇಕು?

ಜಪಾನಿನ ವಸಂತವೆಂದರೆ ಚೆರಿ ಹೂವು. ಟೋಕಿಯೋ, ಕ್ಯೋಟೋಗಳಲ್ಲಿ ಅದು ಸಾಮಾನ್ಯವಾಗಿ ಮಾರ್ಚ್ ಕೊನೆಗೆ ಅರಳಿ, ಏಪ್ರಿಲ್ ನಡುವಿನೊಳಗೆ ಉದುರಿಹೋಗುತ್ತದೆ. ತಡವಾಗಿ ಹೊರಟವರು ಅದಕ್ಕಾಗಿ ಮರುಗಬೇಕಾಗಿಲ್ಲ. ಅಲ್ಲಿ ವಸಂತ ದಕ್ಷಿಣದಿಂದ ಉತ್ತರಕ್ಕೆ ನಡೆಯುತ್ತದೆ: ಏಪ್ರಿಲ್ ಕಡೆಯಲ್ಲಿ ಹಿರೊಸಾಕಿಯ ಕೋಟೆ, ಮೇ ಮೊದಲಲ್ಲಿ ಹೊಕ್ಕೈಡೊ ದ್ವೀಪ. ಶರತ್ತಿನ ನಡೆ ಇದಕ್ಕೆ ವಿಲೋಮ. ಅಕ್ಟೋಬರಿನಲ್ಲಿ ಹೊಕ್ಕೈಡೊದ ಎಲೆಗಳಿಗೇರಿದ ಕೆಂಪು ಕ್ಯೋಟೋವನ್ನು ಮುಟ್ಟುವುದು ನವೆಂಬರ್ ಕೊನೆಗೆ. ಅಷ್ಟರಲ್ಲಿ ಇಲ್ಲಿ ದಸರೆಯ ರಜೆ ಮುಗಿದು ಎಷ್ಟೋ ದಿನಗಳಾಗಿರುತ್ತವೆ.

ಆದುದರಿಂದ ಮಕ್ಕಳೊಡನೆ ಹೋಗುವವರು ವಸಂತದಲ್ಲಿ ಉತ್ತರಾಭಿಮುಖವಾಗಿ ಸಂಚರಿಸುವುದು ಲೇಸು. ಏಪ್ರಿಲ್ 29ರಿಂದ ಮೇ 5ರ ಸುಮಾರಿಗೆ ಜಪಾನೀಯರಿಗೂ ರಜೆಯ ಸಂಭ್ರಮ. ರೈಲಿನ ಆಸನಗಳನ್ನು ಮೊದಲೇ ಕಾದಿರಿಸಬೇಕು. ನಿವೃತ್ತ ದಂಪತಿಗಳಿಗೆ ಶರತ್ತು ಸೊಗಸು. ಆದರೆ ಮೊಮ್ಮಕ್ಕಳ ಕೈಹಿಡಿದು ನಡೆಯುವ ಆಸೆ ಅಜ್ಜಿಗಿದ್ದರೆ, ಎಲೆಗಳ ಕೆಂಪನ್ನು ಬಿಟ್ಟುಕೊಟ್ಟು ಹೂವಿನ ಹಿಂದೆ ಹೋಗುವುದೇ ಸರಿ.