ಅರವತ್ತೇಳರಲ್ಲಿ ಮತ್ತೊಂದು ಅಕ್ಷರಾಭ್ಯಾಸ

ಬಿ.ಎಡ್. ತರಗತಿಯಲ್ಲಿ ನಮಗೆ ಬೋಧನಾ ಸೂತ್ರಗಳೆಂದು ಕೆಲವನ್ನು ಬಾಯಿಪಾಠ ಮಾಡಿಸುತ್ತಿದ್ದರು. ಸರಳದಿಂದ ಸಂಕೀರ್ಣಕ್ಕೆ, ಮೂರ್ತದಿಂದ ಅಮೂರ್ತಕ್ಕೆ, ಜ್ಞಾತದಿಂದ ಅಜ್ಞಾತದೆಡೆಗೆ. ಮೂರು ದಶಕಗಳ ಕಾಲ ಮಕ್ಕಳ ಮೇಲೆ ಈ ಸೂತ್ರಗಳನ್ನು ಪ್ರಯೋಗಿಸಿದ ನಾನು, ಅವು ಕಲಿಯುವವನಿಗೆ ಹೇಗೆ ಅನುಭವವಾಗುತ್ತವೆ ಎಂಬುದನ್ನು ತಿಳಿದದ್ದು ನಿವೃತ್ತಿಯ ನಂತರ. ಗಣಕಯಂತ್ರದಲ್ಲಿ ವಿಂಡೋಸ್ ಬಿಟ್ಟು ಲಿನಕ್ಸ್ ಎಂಬ ಅಪರಿಚಿತ ಕಾರ್ಯಾಚರಣಾ ವ್ಯವಸ್ಥೆಗೆ ಕಾಲಿಟ್ಟ ಈ ಕೆಲವು ತಿಂಗಳುಗಳು ನನ್ನನ್ನು ಮತ್ತೆ ಹಿಂದಿನ ಬೆಂಚಿನಲ್ಲಿ ಕೂರಿಸಿವೆ. ನನ್ನಂತೆಯೇ ಹಳೆಯ ಯಂತ್ರವನ್ನೂ ಹಳೆಯ ಬರಹಗಳನ್ನೂ ಇಟ್ಟುಕೊಂಡಿರುವ ಮಿತ್ರರಿಗೆ ಉಪಯೋಗವಾದೀತೆಂದು ಆ ಅನುಭವವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಕಾರಣ ಸರಳವಾದದ್ದು. 2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಭದ್ರತಾ ಪರಿಷ್ಕರಣೆಗಳನ್ನು ಇನ್ನಷ್ಟು ಕಾಲ ಪಡೆಯುವ ಏರ್ಪಾಡು ಇತ್ತಾದರೂ ಅದು ಗಡುವನ್ನು ಮುಂದೂಡುವ ಉಪಾಯವಷ್ಟೇ. ವಿಂಡೋಸ್ 11ಕ್ಕೆ ಹೋಗಬೇಕಾದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವೂ ಸಾಕಷ್ಟು ಹೊಸದಾದ ಪ್ರೊಸೆಸರೂ ಇರಬೇಕು. ನನ್ನ ಯಂತ್ರ 2014ರಲ್ಲಿ ಕೊಂಡದ್ದು. ಅದರಲ್ಲಿ ಇವೆರಡೂ ಇಲ್ಲ. ಆದರೆ ಯಂತ್ರ ಗಟ್ಟಿಮುಟ್ಟಾಗಿತ್ತು. ನಾಲ್ಕು ಜಿಬಿ ಸ್ಮೃತಿ, ಸವೆಯದ ಕೀಲಿಮಣೆ, ಕಣ್ಣಿಗೆ ಹಿತವಾದ ಪರದೆ. ಚೆನ್ನಾಗಿ ಉಳುವ ಎತ್ತನ್ನು ವಯಸ್ಸಾಯಿತೆಂದು ಸಂತೆಗೆ ಹೊಡೆದುಕೊಂಡು ಹೋಗಲು ನನಗೆ ಮನಸ್ಸು ಬರಲಿಲ್ಲ.

ಮನಸ್ಸು ಹಿಂಜರಿದದ್ದು ಮಾತ್ರ ಬೇರೆ ಕಾರಣಕ್ಕೆ. 2003ರಿಂದ ನಿವೃತ್ತಿಯಾಗುವ ವರ್ಷದವರೆಗೆ, ಪ್ರತಿ ಬೇಸಿಗೆ ರಜೆಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಡುತ್ತಿದ್ದೆ. ಮನೆಯ ಅಜ್ಜ ಅಜ್ಜಿಯರನ್ನು ಕೇಳಿ, ಅವರು ಬಳಸುವ, ಪಠ್ಯಪುಸ್ತಕದಲ್ಲಿ ಕಾಣದ ಹತ್ತು ಪದಗಳನ್ನೂ ಎರಡು ಗಾದೆಗಳನ್ನೂ ಬರೆದು ತರಬೇಕು. ಎತ್ತಿನ ಗಾಡಿಯ ನೊಗ, ಮೂಕಿ, ಗುಂಬ, ಕಡಾಣಿ. ಕಪಿಲೆಯ ಹಗ್ಗಗಳ ಹೆಸರು. ಕಣದ ಕೆಲಸದ ಮಾತುಗಳು. ಹಸುಗಳ ಬಣ್ಣಕ್ಕಿರುವ ಪದಗಳು. ಆ ಚೀಟಿಗಳನ್ನೆಲ್ಲ ಸಂಜೆ ಕುಳಿತು ನಾನೇ ಬೆರಳಚ್ಚು ಮಾಡಿದೆ. ಸುಮಾರು ಎರಡು ಸಾವಿರ ಪದಗಳು, ಆರುನೂರು ಗಾದೆಗಳು. ಚೀಟಿಗಳು ಗೆದ್ದಲಿಗೆ ಹೋದವು; ಹೇಳಿದ ಹಿರಿಯರಲ್ಲಿ ಬಹುಪಾಲು ಮಂದಿ ಈಗಿಲ್ಲ. ಉಳಿದಿರುವುದು ನನ್ನ ಯಂತ್ರದೊಳಗಿನ ಕಡತಗಳು ಮಾತ್ರ. ಹೊಸ ವ್ಯವಸ್ಥೆಯಲ್ಲಿ ಅವು ತೆರೆಯದಿದ್ದರೆ?

ಬೆಂಗಳೂರಿನಲ್ಲಿ ತಂತ್ರಾಂಶ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಧೈರ್ಯ ಹೇಳಿದ. "ಸರ್, ಮೊದಲು ಕಡತಗಳ ಎರಡು ಪ್ರತಿ ಬೇರೆ ಬೇರೆ ಕಡೆ ತೆಗೆದಿಡಿ. ಆಮೇಲೆ ಲಿನಕ್ಸನ್ನು ಅಳವಡಿಸದೆಯೇ ಒಂದು ವಾರ ನೋಡಿ. ಇಷ್ಟವಾಗದಿದ್ದರೆ ಬಿಡಿ" ಎಂದ. "ಅಳವಡಿಸದೆ ನೋಡುವುದು ಹೇಗಪ್ಪಾ?" ಎಂದು ಕೇಳಿದೆ. ಲಿನಕ್ಸಿನ ಮೊದಲ ಸೌಜನ್ಯ ಅಲ್ಲಿಯೇ ಪರಿಚಯವಾಯಿತು. ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಯಂತ್ರವನ್ನು ಆ ಪೆನ್‌ಡ್ರೈವಿನಿಂದಲೇ ಪ್ರಾರಂಭಿಸಬಹುದು. ಒಳಗಿನ ಡಿಸ್ಕನ್ನು ನಾವಾಗಿ ಮುಟ್ಟದ ಹೊರತು ಅದು ಮುಟ್ಟುವುದಿಲ್ಲ. ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ನಾಲ್ಕು ದಿನ ಆ ಮನೆಯಲ್ಲಿ ಇದ್ದು ನೋಡಿದ ಹಾಗೆ.

ಲಿನಕ್ಸ್ ಎಂಬುದರ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಘೋಷಿಸಿದರು. ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ಬಳಸುವ, ಅದರ ಒಳಗನ್ನು ಓದಿ ತಿಳಿಯುವ, ತಿದ್ದುವ ಮತ್ತು ಇತರರಿಗೆ ಹಂಚುವ ಸ್ವಾತಂತ್ರ್ಯ ಬಳಕೆದಾರನಿಗೆ ಇರಬೇಕೆಂಬುದು ಅವರ ನಿಲುವು. 1991ರ ಆಗಸ್ಟಿನಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್, ತಾನು ಹವ್ಯಾಸಕ್ಕಾಗಿ ಒಂದು ಕಾರ್ಯಾಚರಣಾ ವ್ಯವಸ್ಥೆಯನ್ನು ಬರೆಯುತ್ತಿರುವುದಾಗಿ ತಿಳಿಸಿದರು. ಈ ಎರಡು ಹೊಳೆಗಳು ಕೂಡಿ ಆದದ್ದೇ ಇಂದಿನ ಲಿನಕ್ಸ್. ಒಂದೇ ಅಕ್ಕಿಯಿಂದ ಮನೆಗೊಂದು ಅಡುಗೆಯಾಗುವಂತೆ ಇದರಲ್ಲಿ ಹಲವು ಬಗೆಗಳಿವೆ. 2004ರಲ್ಲಿ ಉಬುಂಟು ಬಂದಿತು. ಅದನ್ನು ಆಧರಿಸಿ 2006ರಲ್ಲಿ ಕ್ಲೆಮೆಂಟ್ ಲೆಫೆವ್ರ್ ಎಂಬುವರು ಲಿನಕ್ಸ್ ಮಿಂಟ್ ಪ್ರಾರಂಭಿಸಿದರು. ನಾನು ಆಯ್ದುಕೊಂಡದ್ದು ಮಿಂಟನ್ನು, ಅದರಲ್ಲಿಯೂ ಸಿನ್ನಮನ್ ಎಂಬ ಆವೃತ್ತಿಯನ್ನು. "ಪುದೀನ, ದಾಲ್ಚಿನ್ನಿ ಎಲ್ಲ ಆಯಿತು, ಇನ್ನು ಲವಂಗವೊಂದು ಬಾಕಿ" ಎಂದು ಮನೆಯಾಕೆ ನಕ್ಕಳು. ಎರಡು ಜಿಬಿ ಸ್ಮೃತಿಯಿದ್ದರೂ ಇದು ನಡೆಯುತ್ತದೆ, ನಾಲ್ಕಿದ್ದರೆ ಆರಾಮ. ವಿಂಡೋಸ್ ಕಂಡ ಕಣ್ಣಿಗೆ ಇದರ ಪರದೆ ತೀರ ಹೊಸದೆನಿಸುವುದಿಲ್ಲ.

ಒಂದು ವಾರ ಪೆನ್‌ಡ್ರೈವಿನಲ್ಲಿ ನೋಡಿ, ಅಂತರಜಾಲ, ಧ್ವನಿ, ಮುದ್ರಕ ಮೂರೂ ಕೆಲಸ ಮಾಡುವುದನ್ನು ಖಚಿತಪಡಿಸಿಕೊಂಡು, ಅಳವಡಿಸಿದೆ. ಅರ್ಧ ಗಂಟೆಯ ಕೆಲಸ. ಒಂದು ಘಟ್ಟದಲ್ಲಿ ಮಾತ್ರ ನಿಧಾನಿಸಬೇಕು. ವಿಂಡೋಸಿನ ಪಕ್ಕದಲ್ಲಿ ಇರಿಸಬೇಕೋ, ಡಿಸ್ಕನ್ನು ಪೂರ್ತಿ ಅಳಿಸಿ ಇರಿಸಬೇಕೋ ಎಂದು ಅದು ಕೇಳುತ್ತದೆ. ಎರಡನೆಯದನ್ನು ಆರಿಸಿದರೆ ಹಳೆಯದೆಲ್ಲ ಹೋಯಿತೆಂದೇ ಅರ್ಥ. ನಾನು ಪಕ್ಕದಲ್ಲಿ ಇರಿಸಿದೆ. ಪೆನ್‌ಡ್ರೈವಿನ ಬಗ್ಗೆಯೂ ಒಂದು ಎಚ್ಚರಿಕೆ: ಲಿನಕ್ಸನ್ನು ತುಂಬುವಾಗ ಅದರಲ್ಲಿದ್ದದ್ದೆಲ್ಲ ಅಳಿಯುತ್ತದೆ. ಆದ್ದರಿಂದ ಕಡತಗಳ ಪ್ರತಿ ಬೇರೆ ಪೆನ್‌ಡ್ರೈವಿನಲ್ಲಿಯೇ ಇರಲಿ.

ಮೊದಲ ದಿನ ನಾನು ಹುಡುಕಿದ್ದು 'ಸಿ ಡ್ರೈವ್' ಎಲ್ಲಿದೆಯೆಂದು. ಅದು ಇಲ್ಲಿ ಇಲ್ಲ. ಲಿನಕ್ಸಿನಲ್ಲಿ ಎಲ್ಲವೂ ಒಂದೇ ಬೇರಿನಿಂದ ಹೊರಟ ಮರ. ಆ ಬೇರಿಗೆ ಒಂದು ಓರೆಗೆರೆಯೇ ಗುರುತು. ಬಳಕೆದಾರನ ಕಡತಗಳಿಗೆ 'ಹೋಮ್' ಎಂಬ ಕೊಂಬೆ. ಪೆನ್‌ಡ್ರೈವ್ ಸಿಕ್ಕಿಸಿದರೆ ಅದೂ ಈ ಮರದ ಮೇಲೆಯೇ ಒಂದು ಕೊಂಬೆಯಾಗಿ ಚಿಗುರುತ್ತದೆ. ಇಲ್ಲಿ ಜ್ಞಾತವೇ ನನಗೆ ತೊಡಕಾಗಿತ್ತು. ಇಪ್ಪತ್ತು ವರ್ಷ 'ಸಿ' ಮತ್ತು 'ಡಿ' ಎಂದವನಿಗೆ ಅದು ಗಣಕಯಂತ್ರದ ಸ್ವಭಾವವೆನಿಸಿತ್ತು. ವಾಸ್ತವವಾಗಿ ಅದು ಒಂದು ಮನೆಯ ಪದ್ಧತಿಯಷ್ಟೇ. ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಮತ್ತು ಸಣ್ಣಕ್ಷರಗಳನ್ನು ಲಿನಕ್ಸ್ ಬೇರೆ ಬೇರೆಯಾಗಿಯೇ ಪರಿಗಣಿಸುತ್ತದೆ. ಇದು ಕನ್ನಡ ಮೇಷ್ಟರಿಗೆ ಕಷ್ಟವಾಗಬಾರದು. 'ಕಲ' ಬೇರೆ, 'ಕಾಲ' ಬೇರೆ ಎಂದು ಜೀವಮಾನವಿಡೀ ಹೇಳಿಕೊಟ್ಟವರಲ್ಲವೇ ನಾವು?

ಎರಡನೆಯ ಹೊಸತನ ಗುಪ್ತಪದದ್ದು. ಹೊಸ ತಂತ್ರಾಂಶ ಹಾಕಿಕೊಳ್ಳಬೇಕಾದಾಗ, ವ್ಯವಸ್ಥೆಯ ಮರ್ಮವನ್ನು ಬದಲಿಸಬೇಕಾದಾಗ ಅದು ಗುಪ್ತಪದವನ್ನು ಕೇಳುತ್ತದೆ. ಶಾಲೆಯಲ್ಲಿ ಸೀಮೆಸುಣ್ಣ ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಆದರೆ ದಾಖಲಾತಿ ಪುಸ್ತಕ ಇರುವ ಬೀರುವಿನ ಕೀಲಿ ಮುಖ್ಯೋಪಾಧ್ಯಾಯರ ಬಳಿಯೇ ಇರುತ್ತದಲ್ಲವೇ, ಹಾಗೆ. ಟರ್ಮಿನಲ್ ಎಂಬ ಕಿಟಕಿಯಲ್ಲಿ ಗುಪ್ತಪದ ಒತ್ತುವಾಗ ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡದಿರುವುದು ಸಾಮಾನ್ಯ. ಕೀಲಿಮಣೆ ಕೆಟ್ಟಿಲ್ಲ, ಪಕ್ಕದಲ್ಲಿದ್ದವರಿಗೆ ಅಕ್ಷರಗಳ ಎಣಿಕೆಯೂ ತಿಳಿಯದಿರಲೆಂದು ಮಾಡಿದ ಏರ್ಪಾಡು ಅದು. ಒತ್ತಿ ಮುಗಿಸಿ ಎಂಟರ್ ಒತ್ತಿದರೆ ಆಯಿತು. ದಿನನಿತ್ಯದ ಬಳಕೆಗೆ ಟರ್ಮಿನಲ್ ಬೇಕೇ ಬೇಕೆಂದೇನೂ ಇಲ್ಲ.

ಕನ್ನಡದ ಕೀಲಿಮಣೆಯ ವಿಷಯದಲ್ಲಿ ನನಗೆ ನಿಜವಾದ ಸಂತೋಷ ಕಾದಿತ್ತು. ಕೀಲಿಮಣೆಯ ಸಿದ್ಧತೆಗಳಲ್ಲಿ ಕನ್ನಡವನ್ನು ಹುಡುಕಿದರೆ 'ಕಗಪ' ವಿನ್ಯಾಸ ಸಿದ್ಧವಾಗಿಯೇ ಇದೆ. ಕೆ. ಪಿ. ರಾವ್ ಅವರು ರೂಪಿಸಿದ ಧ್ವನ್ಯಾತ್ಮಕ ವಿನ್ಯಾಸದ ದಾರಿಯಲ್ಲಿಯೇ ಬಂದದ್ದು ಇದು; ಕನ್ನಡ ಗಣಕ ಪರಿಷತ್ತಿನ ಹೆಸರನ್ನು ಹೊತ್ತಿದೆ. ಹೊರಗಿನಿಂದ ಏನನ್ನೂ ತರದೆ, ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿ ಇಂಗ್ಲಿಷಿನಿಂದ ಕನ್ನಡಕ್ಕೆ ಬಂದೆ. ಬೆರಳುಗಳು ತಮ್ಮ ಪಾಡಿಗೆ ತಾವು ಓಡಿದವು. ಒತ್ತಕ್ಷರಕ್ಕೆ ಎಫ್ ಕೀಲಿ, ಮಹಾಪ್ರಾಣಕ್ಕೆ ಶಿಫ್ಟ್, ಎಲ್ಲ ಅದೇ. ಮನೆ ಬದಲಾದರೂ ಬಾವಿಯ ನೀರಿನ ರುಚಿ ಬದಲಾಗಲಿಲ್ಲ.

ಆಮೇಲೆ ಆ ಪದಸಂಗ್ರಹದ ಕಡತವನ್ನು ತೆರೆದೆ. ಲಿಬ್ರೆಆಫೀಸ್ ಎಂಬ ತಂತ್ರಾಂಶ ಅದನ್ನು ತಕರಾರಿಲ್ಲದೆ ತೆರೆಯಿತು. ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಗೆರೆ ಚುಕ್ಕಿಗಳಿರುವ ಐರೋಪ್ಯ ಅಕ್ಷರಗಳು. 'ಕನ್ನಡ' ಎಂಬ ಪದವಿರಬೇಕಾದಲ್ಲಿ ಬ್ರಿಟಿಷ್ ಪೌಂಡಿನ ಚಿಹ್ನೆ ಕುಳಿತಿತ್ತು. ಅರೆಗಳಿಗೆ ಉಸಿರೇ ನಿಂತಂತಾಯಿತು.

ಇದರ ಕಾರಣ ತಿಳಿದರೆ ಗಾಬರಿ ಇರುವುದಿಲ್ಲ. ಯುನಿಕೋಡ್ ಎಂಬ ಜಾಗತಿಕ ಶಿಷ್ಟತೆ 1991ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ಕೊಟ್ಟಿತ್ತು. ಆದರೆ ಅದು ನಮ್ಮ ಮೇಜಿನ ಮೇಲಿನ ಯಂತ್ರಗಳಿಗೆ ಇಳಿದು ಬರಲು ಬಹಳ ವರ್ಷ ಹಿಡಿಯಿತು. ಆ ನಡುಗಾಲದಲ್ಲಿ ಕನ್ನಡದ ಕೆಲಸ ನಿಲ್ಲದಂತೆ ಒಂದು ಜಾಣ ಉಪಾಯ ಬಳಕೆಯಲ್ಲಿತ್ತು. ಕನ್ನಡ ಅಕ್ಷರದ ತುಣುಕುಗಳನ್ನು ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಸ್ಥಾನದಲ್ಲಿ ಚಿತ್ರಗಳಂತೆ ಕೂರಿಸುತ್ತಿದ್ದರು. ವ್ಯಾಪಕವಾಗಿದ್ದ ಒಂದು ವಿನ್ಯಾಸದಲ್ಲಿ 'ಕ'ಕಾರದ ಒಡಲು ಇಂಗ್ಲಿಷಿನ ಪಿ ಸ್ಥಾನದಲ್ಲಿ, ತಲೆಕಟ್ಟು ಬೇರೊಂದು ಸ್ಥಾನದಲ್ಲಿ, 'ನ'ಕಾರದ ಒಡಲು ಪೌಂಡಿನ ಸ್ಥಾನದಲ್ಲಿ. ಆ ಅಕ್ಷರವಿನ್ಯಾಸ, ಅಂದರೆ ಫಾಂಟ್, ಇದ್ದರೆ ಕನ್ನಡ ಕಾಣುತ್ತದೆ. ಇಲ್ಲದಿದ್ದರೆ ಮುಖವಾಡ ಕಳಚುತ್ತದೆ. ಯಂತ್ರದ ಮಟ್ಟಿಗೆ ಅಲ್ಲಿ ಕನ್ನಡ ಎಂದೂ ಇರಲೇ ಇಲ್ಲ. ಯುನಿಕೋಡಿನಲ್ಲಾದರೋ 'ಕ'ಕಾರಕ್ಕೆ 3221 ಎಂಬ ಸ್ವಂತ ಸಂಖ್ಯೆಯಿದೆ. ಅದು ಯಾವ ಯಂತ್ರದಲ್ಲಿಯೂ, ಯಾವ ವ್ಯವಸ್ಥೆಯಲ್ಲಿಯೂ 'ಕ'ವೇ.

"ಆ ಫಾಂಟನ್ನೇ ಇಲ್ಲಿಯೂ ಹಾಕಿಕೊಂಡರೆ ಮೊದಲಿನಂತೆ ಕಾಣುತ್ತದೆ ಸರ್" ಎಂದ ಶಿಷ್ಯ. ಹಾಕಿಕೊಂಡೆ, ಕಂಡಿತು. ಆದರೆ ಹಾಗೆಯೇ ಬಿಡಲು ಮನಸ್ಸೊಪ್ಪಲಿಲ್ಲ. ನಾನು ಇಲ್ಲದ ಕಾಲದಲ್ಲಿ ಯಾರೋ ಆ ಕಡತವನ್ನು ತೆರೆದರೆ, ಯಾವ ಫಾಂಟು ಬೇಕೆಂದು ಅವರಿಗೆ ಹೇಳುವವರು ಯಾರು? ಪರಿವರ್ತಕವೊಂದರ ಮೂಲಕ ಎಲ್ಲವನ್ನೂ ಯುನಿಕೋಡಿಗೆ ತಂದೆ. ಯಂತ್ರದ ಪರಿವರ್ತನೆ ನೂರಕ್ಕೆ ನೂರು ಸರಿಯಿರುವುದಿಲ್ಲ. ವಿಶೇಷವಾಗಿ ಅರ್ಕಾವೊತ್ತು ಸ್ಥಾನಪಲ್ಲಟವಾಗುತ್ತದೆ. 'ಸೂರ್ಯ' ಹೋಗಿ 'ಸೂಯರ್' ಆಗುತ್ತಾನೆ. ಆದ್ದರಿಂದ ದಿನಕ್ಕೆ ನಾಲ್ಕು ಪುಟದಂತೆ ಕಣ್ಣಿಟ್ಟು ತಿದ್ದಿದೆ. ಪ್ರತಿ ಪದದ ಮುಂದೆ ತಂದ ಮಗುವಿನ ಹೆಸರು, ಹೇಳಿದ ಹಿರಿಯರ ಊರು ಇದ್ದವು. ಓದುತ್ತ ಹೋದಂತೆ ಎಷ್ಟೋ ಮುಖಗಳು ಎದುರಿಗೆ ಬಂದು ನಿಂತವು. ಬೇಗ ಮುಗಿಸಬೇಕೆಂಬ ಆಸೆಯೇ ಹೊರಟುಹೋಯಿತು.

ಮುಗಿದ ದಿನ ಇನ್ನೊಂದು ಸಂಗತಿ ನಡೆಯಿತು. ಹಳೆಯ ರೂಪದಲ್ಲಿ ಆ ಪದಗಳನ್ನು ಅಕಾರಾದಿಯಾಗಿ ಜೋಡಿಸಲು ಸಾಧ್ಯವಿರಲಿಲ್ಲ. ಯಂತ್ರ ಅವನ್ನು ಇಂಗ್ಲಿಷ್ ಅಕ್ಷರಗಳೆಂದೇ ಎಣಿಸುತ್ತಿತ್ತು. ಈಗ ಒಂದೇ ಆದೇಶಕ್ಕೆ ಎರಡು ಸಾವಿರ ಪದಗಳೂ ಅ, ಆ, ಇ, ಈ ಎಂದು ಸಾಲಾಗಿ ನಿಂತವು, ಬೆಳಗಿನ ಪ್ರಾರ್ಥನೆಗೆ ನಿಂತ ಮಕ್ಕಳಂತೆ. ಬೇರೆ ಬೇರೆ ವರ್ಷ, ಬೇರೆ ಬೇರೆ ಊರಿನ ಮಕ್ಕಳು ತಂದ ಒಂದೇ ಪದದ ಭಿನ್ನ ಉಚ್ಚಾರಗಳು ಮೊದಲ ಬಾರಿಗೆ ಒಂದರ ಪಕ್ಕ ಒಂದು ಬಂದವು. ಹದಿನೈದು ವರ್ಷ ರಾಶಿಯಾಗಿದ್ದದ್ದು ಅಂದು ಕೋಶವಾಯಿತು.

ಎಲ್ಲವೂ ಸುಗಮವೆಂದು ಹೇಳಲಾರೆ. ವಿಂಡೋಸಿಗಾಗಿಯೇ ಬರೆದ ತಂತ್ರಾಂಶಗಳು ಇಲ್ಲಿ ನೇರವಾಗಿ ಓಡುವುದಿಲ್ಲ. ಲೆಕ್ಕಪತ್ರಕ್ಕೋ ಕಚೇರಿ ಕೆಲಸಕ್ಕೋ ಅಂಥದ್ದನ್ನು ನೆಚ್ಚಿದವರು ಮೊದಲೇ ವಿಚಾರಿಸಿಕೊಳ್ಳಬೇಕು. ನನ್ನ ಹಳೆಯ ಸ್ಕ್ಯಾನರ್ ಇನ್ನೂ ಬಾಯಿ ಬಿಟ್ಟಿಲ್ಲ. ಆದರೆ ಪತ್ರ ಬರೆಯಲು, ಅಂತರಜಾಲ ನೋಡಲು, ಚಿತ್ರ ಸಂಗೀತಗಳಿಗೆ, ಮುದ್ರಿಸಲು ಯಾವ ಕೊರತೆಯೂ ಇಲ್ಲ. ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಲಿನಕ್ಸಿನಲ್ಲಿಯೇ ಗಣಕಪಾಠ ಕಲಿಯುತ್ತಿದ್ದಾರೆ. ಹತ್ತು ವರ್ಷದ ಮಗುವಿಗೆ ಸಾಧ್ಯವಾದದ್ದು ಅರವತ್ತು ದಾಟಿದವರಿಗೆ ಏಕೆ ಅಸಾಧ್ಯವಾಗಬೇಕು? ಮಗುವಿಗೆ ಮರೆಯಬೇಕಾದದ್ದು ಏನೂ ಇರುವುದಿಲ್ಲ, ನಮಗೆ ಇರುತ್ತದೆ. ವ್ಯತ್ಯಾಸ ಅಷ್ಟೇ.

ಹೊಸ ವ್ಯವಸ್ಥೆಗೆ ಹೋದಾಗ ನಮ್ಮ ತಿಳಿವಳಿಕೆ ಎರಡಾಗಿ ಒಡೆಯುತ್ತದೆ. ಯಾವ ಗುಂಡಿ ಎಲ್ಲಿದೆ ಎಂಬುದು ಹಳೆಯ ಮನೆಯಲ್ಲಿಯೇ ಉಳಿಯುತ್ತದೆ. ಪರದೆಯ ಮೇಲಿನ ಮಾತನ್ನು ನಿಧಾನವಾಗಿ ಓದುವುದು, ಅಳಿಸುವ ಮುನ್ನ ಪ್ರತಿ ತೆಗೆಯುವುದು, ಕಾರಣ ತಿಳಿಯುವವರೆಗೆ ಬಿಡದಿರುವುದು, ಇವು ಜೊತೆಯಲ್ಲಿ ಬರುತ್ತವೆ. ಬರಹಕ್ಕೂ ಇದೇ ಮಾತು ಸಲ್ಲುತ್ತದೆ. ನಿಮ್ಮ ಹಳೆಯ ಯಂತ್ರದಲ್ಲಿಯೂ ತಂದೆಯ ಪತ್ರವೋ, ತಾಯಿ ಹೇಳಿದ ಹಾಡೋ, ಊರಿನ ಚರಿತ್ರೆಯೋ ಹಳೆಯ ಅಕ್ಷರವಿನ್ಯಾಸದಲ್ಲಿ ಕುಳಿತಿರಬಹುದು. ವಿಂಡೋಸಿನಲ್ಲಿಯೇ ಇರಿ, ಲಿನಕ್ಸಿಗೆ ಬನ್ನಿ, ಅದು ನಿಮ್ಮ ಇಷ್ಟ. ಆದರೆ ಈ ವಾರ ಆ ಕಡತವನ್ನೊಮ್ಮೆ ತೆರೆದು ನೋಡಿ. ಓದಲು ಬರುವವರು ಮನೆಯಲ್ಲಿ ಇರುವಾಗಲೇ ಅದನ್ನು ಯುನಿಕೋಡಿಗೆ ತಂದು, ಒಂದು ಪ್ರತಿಯನ್ನು ಮಕ್ಕಳ ಕೈಗೆ ಕೊಡಿ.

ನನ್ನ ಪದಕೋಶದ ಪ್ರತಿಯನ್ನು ನಾನು ಶಿಷ್ಯನಿಗೆ ಕಳುಹಿಸಿದೆ. ಅವನು ಅದರಲ್ಲಿ ತನ್ನ ಹೆಸರನ್ನೇ ಹುಡುಕಿದನಂತೆ. 2004ರ ಬೇಸಿಗೆಯಲ್ಲಿ ಅವನು ತಂದ ಹತ್ತು ಪದಗಳೂ ಸಿಕ್ಕವಂತೆ. "ನಮ್ಮಜ್ಜಿ ಹೇಳಿದ್ದು ಸರ್" ಎಂದಷ್ಟೇ ಹೇಳಿ ಸ್ವಲ್ಪ ಹೊತ್ತು ಸುಮ್ಮನಾದ.