ತೊಗರಿಯ ಜಾಡು ಹಿಡಿದು: ಕೋಡ್ಲಾದಿಂದ ಪಟಾನ್‌ಚೆರುವಿಗೆ

ಸೇಡಂ ದಾಟಿ ಕೋಡ್ಲಾದ ಕಡೆ ಹೊರಳಿದರೆ ಒಂದೆಡೆ ಸಿಮೆಂಟ್ ಕಾರ್ಖಾನೆಯ ಚಿಮಣಿ, ಸುಣ್ಣಕಲ್ಲು ಹೊತ್ತ ಟಿಪ್ಪರ್‌ಗಳು. ಇನ್ನೊಂದೆಡೆ ಆಳೆತ್ತರದ ತೊಗರಿ. ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು. ಇನ್ನೇನು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಬಂದು ಚರಗ ಚೆಲ್ಲುತ್ತಾರೆ, ಹಸಿ ತೊಗರಿಕಾಳಿನ ಭಜ್ಜಿ, ಸಜ್ಜಿ ರೊಟ್ಟಿ ಉಣ್ಣುತ್ತಾರೆ.

ಎರೆಹೊಲದ ಬದುವಿನಲ್ಲಿ ಸಿಕ್ಕ ಮುತ್ಯಾ ಒಬ್ಬರು ಬಾಡಿದ ಗಿಡವೊಂದನ್ನು ಬುಡಸಮೇತ ಕಿತ್ತರು. "ಹೊರಗಿಂದ ತಿಳಿಯಂಗಿಲ್ರಿ, ಒಳಗ ನೋಡ್ರಿ" ಎಂದು ಕುಡುಗೋಲಿನಿಂದ ಕಾಂಡವನ್ನು ಉದ್ದಕ್ಕೆ ಸೀಳಿದರು. ಬಿಳಿ ಕಟ್ಟಿಗೆಯ ಒಳಗೆ ಬುಡದಿಂದ ಮೇಲಕ್ಕೆ ಕಪ್ಪು ಗೆರೆ ಹರಿದಿತ್ತು. ಇದೇ ನೆಟೆರೋಗ. ಫ್ಯುಸೇರಿಯಂ ಎಂಬ ಶಿಲೀಂಧ್ರ ಮಣ್ಣಿನಿಂದ ಬೇರಿಗೆ ನುಗ್ಗಿ ನೀರು ಏರುವ ನಾಳಗಳನ್ನೇ ಮುಚ್ಚಿಬಿಡುತ್ತದೆ. ಹೂವು, ಕಾಯಿ ಹಿಡಿಯುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. ಆದರೆ ಅದೇ ಸಾಲಿನಲ್ಲಿ, ಗೇಣು ದೂರದಲ್ಲಿ, ಇನ್ನೊಂದು ಗಿಡ ಹಚ್ಚಗೆ ನಿಂತಿತ್ತು. ಅದೇ ಮಣ್ಣು, ಅದೇ ಮಳೆ. "ಇದಕ್ಯಾಕ ಏನೂ ಆಗಿಲ್ಲ ಮುತ್ಯಾ?" ಎಂದೆ. "ಬೀಜದಾಗೇ ಫರಕ್ ಅದ. ಜೇನು ಬೆರಕಿ ಮಾಡ್ತದಲ್ರಿ" ಎಂದರು.

ತಳಿವಿಜ್ಞಾನಿಗಳು ಹೇಳುವುದೂ ಇದನ್ನೇ. ತೊಗರಿ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು, ಆದರೂ ಜೇನು ಆ ಪರಾಗವನ್ನು ಹೊಲದಿಂದ ಹೊಲಕ್ಕೆ ಒಯ್ಯುತ್ತದೆ. ಆ ಬೀಜದ ಒಳಗಿನ ಫರಕು ಎಲ್ಲಿದೆ ಎಂದು ನೋಡುವ ಆಸೆಯಿಂದಲೇ ನಾನು ಸೇಡಂನಲ್ಲಿ ಹೈದರಾಬಾದಿನ ರೈಲು ಹತ್ತಿದ್ದು.

ಕುರಗುಂಟಾ, ತಾಂಡೂರು, ವಿಕಾರಾಬಾದ್. ನಿಲ್ದಾಣದ ಫಲಕದ ಲಿಪಿ ಬದಲಾಯಿತು. ತಾಂಡೂರಿನವರೆಗೂ ತೊಗರಿ ಮಾತ್ರ ಕಿಟಕಿ ಬಿಡಲಿಲ್ಲ. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಸೂಚಿಕೆ ಸಿಕ್ಕಿತು, 2022ರಲ್ಲಿ ತಾಂಡೂರು ತೊಗರಿಗೂ ಸಿಕ್ಕಿತು. ಗಡಿಗೆರೆ ಇರುವುದು ನಕ್ಷೆಯಲ್ಲಿ. ಲಿಂಗಂಪಲ್ಲಿಯಲ್ಲಿ ಇಳಿದು ಬಸ್ ಹಿಡಿದರೆ ಪಟಾನ್‌ಚೆರು, ಒಣಭೂಮಿ ಬೆಳೆಗಳ ಸಂಶೋಧನೆಗೆಂದು 1972ರಲ್ಲಿ ಹುಟ್ಟಿದ ಇಕ್ರಿಸ್ಯಾಟ್ ಸಂಸ್ಥೆಯ ನೆಲ.

ನಮ್ಮ ಭಾಗದವರಿಗೆ ಈ ಹೆಸರು ಹೊಸದಲ್ಲ. ನೆಟೆ ತಡೆಯುವ 'ಮಾರುತಿ' ತಳಿ 1986ರಲ್ಲಿ ಕರ್ನಾಟಕದ ಹೊಲಗಳಿಗೆ ಇಳಿದದ್ದು ಇಲ್ಲಿಂದ. ಅದಕ್ಕೆ ಯಾರೂ ವಂಶವಾಹಿ ಕತ್ತರಿಸಿರಲಿಲ್ಲ. ಮಹಾರಾಷ್ಟ್ರದ ನಾಟಿ ತಳಿಯೊಂದರಿಂದ ಬದುಕುಳಿದ ಗಿಡಗಳನ್ನು ಆರಿಸಿ ಆರಿಸಿ ತೆಗೆದದ್ದು.

ಜೀನ್ ಬ್ಯಾಂಕಿನ ಶೀತಕೋಣೆಯ ಬಾಗಿಲು ತೆರೆದಾಗ ಡಿಸೆಂಬರಿನ ಬಿಸಿಲಿನಿಂದ ಬಂದ ಮೈ ನಡುಗಿತು. ಸೊನ್ನೆಗಿಂತ 20 ಡಿಗ್ರಿ ಕೆಳಗೆ, ಗಾಳಿ ತೆಗೆದು ಮುಚ್ಚಿದ ಪೊಟ್ಟಣಗಳಲ್ಲಿ ಬೀಜಗಳು ಮಲಗಿವೆ. ಜೋಳ, ಸಜ್ಜೆ, ಕಡಲೆ, ಶೇಂಗಾ, ತೊಗರಿ, ಎಲ್ಲ ಸೇರಿ 1.2 ಲಕ್ಷಕ್ಕೂ ಮಿಗಿಲು ಮಾದರಿಗಳು. ತೊಗರಿಯೇ 13 ಸಾವಿರಕ್ಕೂ ಹೆಚ್ಚು. ಎಷ್ಟು ಊರಿನ ಎಷ್ಟು ತಾಯಂದಿರು ಬೂದಿ ಬೆರೆಸಿ ಗಡಿಗೆಯಲ್ಲಿ ಕಾಪಿಟ್ಟ ಬೀಜವೋ! ಕಾಯಿಕೊರಕ ಹತ್ತಿರ ಸುಳಿಯಲು ಹಿಂಜರಿಯುವಂಥ ರೋಮದ ಕಾಯಿಯ ಕಾಡುತೊಗರಿಯೂ ಇಲ್ಲಿನ ಸಂಗ್ರಹದಲ್ಲಿದೆ. 1997-98ರಲ್ಲಿ ಆ ಹುಳು ಔಷಧಕ್ಕೂ ಬಗ್ಗದೆ ಕಲಬುರಗಿ, ಬೀದರಿನ ತೊಗರಿ ತಿಂದು ಹಾಕಿತ್ತು. ನಮ್ಮ ಜನ ಗಿಡ ಅಲುಗಾಡಿಸಿ ಹುಳು ಉದುರಿಸಿ ಬೆಳೆ ಉಳಿಸಿಕೊಂಡಿದ್ದರು.

2011ರಲ್ಲಿ ಇಲ್ಲಿನ ವಿಜ್ಞಾನಿ ರಾಜೀವ್ ವಾರ್ಷ್ಣೇಯ ಅವರ ಮುಂದಾಳತ್ವದಲ್ಲಿ ತೊಗರಿಯ ಜೀನೋಮ್ ಓದಿಯಾಯಿತು. ಹನ್ನೊಂದು ಜೊತೆ ವರ್ಣತಂತು, 48,680 ವಂಶವಾಹಿ. ಮನುಷ್ಯನಲ್ಲಿ ಪ್ರೋಟೀನು ಕಟ್ಟುವ ವಂಶವಾಹಿಗಳು ಸುಮಾರು 20 ಸಾವಿರ. ನಮ್ಮ ತಟ್ಟೆಯ ಬೇಳೆ ಲೆಕ್ಕದಲ್ಲಿ ನಮ್ಮನ್ನು ಎರಡು ಪಟ್ಟು ಮೀರಿಸಿದೆ ಎಂದು ತಿಳಿದಾಗ ನಾನು ಬೆರಗಾಗಿ ನಿಂತುಬಿಟ್ಟೆ.

ಓದಿದ್ದನ್ನು ತಿದ್ದುವ ಸಾಧನವೂ ಈಗ ಕೈಗೆ ಬಂದಿದೆ: ಕ್ರಿಸ್ಪರ್. ತೊಗರಿಗೂ ಮನುಷ್ಯನಿಗೂ ಅದೇ ಕತ್ತರಿ. ಕುಡಗೋಲುಕಣ ರಕ್ತಹೀನತೆಯಿಂದ ನರಳುವವರ ಮಜ್ಜೆಯ ಕೋಶ ತೆಗೆದು, ತಿದ್ದಿ, ಮರಳಿ ಸೇರಿಸುವ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್, ಅಮೆರಿಕ ಒಪ್ಪಿಗೆ ಕೊಟ್ಟವು. ಆ ತಿದ್ದುಪಡಿ ಆ ಒಬ್ಬರ ದೇಹದಲ್ಲೇ ಮುಗಿಯುತ್ತದೆ. ಅದನ್ನು ನಾನು ಎರಡೂ ಕೈಯೆತ್ತಿ ಸ್ವಾಗತಿಸುತ್ತೇನೆ. ಆದರೆ 2018ರಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ ಭ್ರೂಣಗಳನ್ನೇ ತಿದ್ದಿ ಅವಳಿ ಹೆಣ್ಣುಮಕ್ಕಳ ಹುಟ್ಟಿಗೆ ಕಾರಣರಾದರು. ಆ ಬದಲಾವಣೆ ಆ ಮಕ್ಕಳ ಮಕ್ಕಳಿಗೂ ಹರಿಯಬಹುದು. ನ್ಯಾಯಾಲಯ ಆ ವಿಜ್ಞಾನಿಯನ್ನು ಮೂರು ವರ್ಷ ಜೈಲಿಗೆ ಕಳಿಸಿತು. ತದ್ರೂಪು ಮಾಡುವುದಂತೂ ಇನ್ನೂ ದೂರದ ಮಾತು: 1996ರಲ್ಲಿ ತದ್ರೂಪಾಗಿ ಹುಟ್ಟಿದ ಡಾಲಿ ಕುರಿಯ ಹಿಂದೆ 277 ಯತ್ನಗಳಿದ್ದವು, ಹುಟ್ಟಿ ಉಳಿದದ್ದು ಡಾಲಿ ಒಂದೇ. ಆ ಲೆಕ್ಕವನ್ನು ತಾಯಿಯ ಗರ್ಭಕ್ಕೆ ಹಚ್ಚಿ ನೋಡಿದರೆ ಮನುಷ್ಯನ ತದ್ರೂಪು ಮಾಡುವ ಮಾತೇ ಬಾಯಿಗೆ ಬಾರದು. ಭಾರತದ 2017ರ ಕಾಂಡಕೋಶ ಸಂಶೋಧನೆಯ ಮಾರ್ಗಸೂಚಿ ಅದನ್ನು ನಿಷೇಧಿಸಿರುವುದು ಸರಿಯಾಗಿಯೇ ಇದೆ.

ಹೊರಗೆ ಪ್ರಯೋಗದ ತಾಕಿನಲ್ಲಿ ತೊಗರಿಗಿಡಗಳ ಸುತ್ತ ಸಣ್ಣ ಕಣ್ಣಿನ ಬಲೆ ಕಟ್ಟಿದ್ದರು. ಜೇನು ಒಳಗೆ ಬಾರದಿರಲಿ, ತಳಿ ಬೆರಕೆಯಾಗದಿರಲಿ ಎಂದು. ಮುತ್ಯಾ ಬದುವಿನಲ್ಲಿ ನಿಂತು ಹೇಳಿದ್ದಕ್ಕೇ ಇಲ್ಲಿ ಇಷ್ಟು ಕಾವಲು! ಹೊಲಕ್ಕೆ ಬಲೆ ಹೊದಿಸುವವರು ಯಾರು? ತೊಗರಿಯ ತವರೇ ನಮ್ಮ ದೇಶ; ಕಾಡಿನಲ್ಲಿ ಅದರ ಒಡಹುಟ್ಟುಗಳು ಇನ್ನೂ ಇವೆ. ಒಂದು ಹೊಲದಲ್ಲಿ ಬಿತ್ತಿದ, ತಿದ್ದಿದ ವಂಶವಾಹಿ ಅಲ್ಲೇ ಉಳಿದೀತು ಎಂಬ ಭರವಸೆಯಿಲ್ಲ. ಹಾಗೆಂದು ತಿದ್ದಿದ ತೊಗರಿ ಬೇಡವೇ ಬೇಡ ಎನ್ನಲಾರೆ, ಆ ಸೀಳಿದ ಕಾಂಡದ ಕಪ್ಪು ಗೆರೆ ಕಂಡವನು ನಾನು. 2025ರ ಮೇ ತಿಂಗಳಲ್ಲಿ ಜೀನೋಮ್ ತಿದ್ದಿದ ಎರಡು ಭತ್ತದ ತಳಿಗಳನ್ನು ಕೇಂದ್ರ ಸರ್ಕಾರ ಪ್ರಕಟಿಸಿತು. ತೊಗರಿಯ ಸರದಿಯೂ ಬರಬಹುದು.

ಕುಲಾಂತರಿ ಬಿಟಿ ಬದನೆಯ ಬಗ್ಗೆ ಜನರ ಮಾತು ಕೇಳಲು ಆಗಿನ ಕೇಂದ್ರ ಪರಿಸರ ಸಚಿವ ಜೈರಾಂ ರಮೇಶ್ 2010ರ ಫೆಬ್ರುವರಿಯಲ್ಲಿ ಬೆಂಗಳೂರಿಗೆ ಬಂದಿದ್ದರು. ಆ ಸಭೆ ಮುಗಿದ ಮೂರೇ ದಿನಕ್ಕೆ ಅದಕ್ಕೆ ತಡೆ ಬಿತ್ತು. ತೊಗರಿಯ ಸರದಿ ಬಂದಾಗ ಅಂಥ ಸಭೆ ಬೆಂಗಳೂರಿನಲ್ಲಷ್ಟೇ ನಡೆದರೆ ಸಾಲದು. ಸೇಡಂನಲ್ಲಿ, ಚಿಂಚೋಳಿಯಲ್ಲಿ, ಎಪಿಎಂಸಿ ಅಂಗಳದಲ್ಲಿ, ಅಲ್ಲಿಯ ಮಾತಿನಲ್ಲೇ ನಡೆಯಬೇಕು, ಅದೂ ಬಿತ್ತನೆಗೆ ಮೊದಲು. ರಾಶಿ ಮಾಡಿದ ಮೇಲೆ ಮುಂದಿನ ವರ್ಷಕ್ಕೆ ಬೀಜ ಎತ್ತಿಟ್ಟುಕೊಳ್ಳಬಹುದೇ, ಬಗಲ ಹೊಲದವನ ಬೀಜ ಬೆರಕೆಯಾದರೆ ಹೊಣೆ ಯಾರು, ಎಂದು ಮುತ್ಯಾ ಎದ್ದು ನಿಂತು ಕೇಳಬೇಕು. ಉತ್ತರ ಬರವಣಿಗೆಯಲ್ಲಿ ಅವರ ಕೈಗೆ ಸಿಗಬೇಕು.