ಅಣ್ಣನ ಮಸ್ಟ್ಯಾಂಗ್‌ಗೆ ಯಾವ ಗೇರ್‌ಬಾಕ್ಸ್? (ಆರು ಕ್ಯಾಪ್ಶನ್‌ಗಳಲ್ಲಿ)

1/6

ಹೋದ ವಾರ ಈ ಕಪ್ಪು ಕಾರಿನ ಫೋಟೋ ಹಾಕಿದ್ಮೇಲೆ ಇನ್‌ಬಾಕ್ಸ್ ತುಂಬಾ ಎರಡೇ ಪ್ರಶ್ನೆ. "ಯಾರ್ದೇ ಇದು?" "ಎಷ್ಟು ಓಡುತ್ತೆ?" ಒಂದೊಂದಾಗಿ ಹೇಳ್ತೀನಿ.

ಕಾರು ನನ್ನ ದೊಡ್ಡಪ್ಪನ ಮಗನದು. ದಾವಣಗೆರೆ ಹುಡುಗ, ಈಗ ಅಮೆರಿಕದ ಓಹಾಯೋದಲ್ಲಿ ಕೆಲಸ. 1991ರ ಫೋರ್ಡ್ ಮಸ್ಟ್ಯಾಂಗ್ ಎಲ್‌ಎಕ್ಸ್ 5.0, ಅಂದ್ರೆ ನಮ್ಮ ಕ್ಲಾಸಿನ ಎಲ್ರಿಗಿಂತ ದೊಡ್ಡದು. ಹಿಮ ಬೀಳೋ ತಿಂಗಳು ಬಿಟ್ರೆ ವಾರವಿಡೀ ಇದರಲ್ಲೇ ಆಫೀಸಿಗೆ ಹೋಗ್ತಾನೆ. ಕೆಲವು ಶನಿವಾರ ಹೆಬ್ರನ್ ಊರಿನ ನ್ಯಾಷನಲ್ ಟ್ರೇಲ್ ರೇಸ್‌ವೇಗೆ ಹೋಗಿ ಕ್ವಾರ್ಟರ್ ಮೈಲ್ ಓಡಿಸ್ತಾನೆ. 1,320 ಅಡಿ, ನಮ್ಮ ಲೆಕ್ಕದಲ್ಲಿ 402 ಮೀಟರ್. ಸದ್ಯಕ್ಕೆ 12 ಸೆಕೆಂಡಿನ ಆಸುಪಾಸು. ಆಮೇಲೆ ಅದೇ ಕಾರು ಓಡಿಸ್ಕೊಂಡೇ ಮನೆಗೆ ವಾಪಸ್. ಟ್ರೇಲರ್ ಇಲ್ಲ, ಎರಡನೇ ಕಾರೂ ಇಲ್ಲ. ಹಿಮದಲ್ಲಿ ಬಸ್ಸೋ, ಫ್ರೆಂಡ್ ಕಾರೋ.

ಈಗ ಗೇರ್‌ಬಾಕ್ಸ್ ಬದಲಾಯಿಸಬೇಕು. ಊರಲ್ಲಿ ಮನೆ ಸಾಲದ ಕಂತು ಅವನೇ ಕಟ್ಟೋದು, ಹಾಗಾಗಿ ಈ ಖರ್ಚು ಒಂದೇ ಸಲ ಮಾಡೋಕೆ ಆಗೋದು. "ಪುಟ್ಟಿ, ನೀನು ಬಿಕಾಂ ತಾನೇ, ಒಂದು ಶೀಟ್ ಮಾಡಿಕೊಡು" ಅಂದ. ಮಾಡೋಕೆ ಕೂತೆ. ಕಾಸ್ಟ್ ಅಕೌಂಟಿಂಗ್‌ನ ಇಡೀ ಸೆಮಿಸ್ಟರ್‌ಗಿಂತ ಜಾಸ್ತಿ ಕಲ್ತಿದ್ದು ಈ ಒಂದು ಶೀಟಲ್ಲಿ.

2/6

ಮೊದಲು ಸಮಸ್ಯೆ ಏನು ಅಂತ ನೋಡಿ.

1991ರಲ್ಲಿ ಈ ಕಾರು ಬಂದಾಗ ಎಂಜಿನ್ ಟಾರ್ಕ್ 300 ಪೌಂಡ್-ಫೂಟ್. ಸುಮಾರು 407 ನ್ಯೂಟನ್ ಮೀಟರ್. ಹೋಲಿಕೆಗೆ ಬೇಕಾದ್ರೆ ನಮ್ಮ ಪೆಟ್ರೋಲ್ ಸ್ವಿಫ್ಟ್ 110ರ ಆಸುಪಾಸು. ಅದರ ಜೊತೆ ಬಂದ ಐದು ಗೇರಿನ ಟಿ-5 ಬಾಕ್ಸ್‌ನ ರೇಟಿಂಗೂ 300. ಎಂಜಿನ್ 300, ಬಾಕ್ಸ್ 300, ಬ್ಯಾಲೆನ್ಸ್ ಶೀಟ್ ಟ್ಯಾಲಿ. ಕಂಪನಿಯವರು ಮಾಡಿದ ಲೆಕ್ಕದಲ್ಲಿ ತಪ್ಪೇನಿಲ್ಲ.

ಟ್ಯಾಲಿ ತಪ್ಪಿಸಿದ್ದು ನಮ್ಮಣ್ಣ. 302 ಕ್ಯೂಬಿಕ್ ಇಂಚಿನ ಎಂಜಿನ್ ತೆಗೆದು 347 ಮಾಡಿಸಿದ. ಈಗ ಟಾರ್ಕ್ 400. ಬಾಕ್ಸ್ ಇನ್ನೂ ಮುರಿದಿಲ್ಲ. ಮುರಿಯೋಕೆ ಮುಂಚೆ ಬದಲಾಯಿಸಬೇಕು ಅನ್ನೋದೇ ಪ್ಲಾನ್.

ಇಲ್ಲಿ ಒಂದು ವಿಷಯ ನನಗೆ ಹೊಸದು. ರೇಟಿಂಗ್ ಅನ್ನೋದು ಒಂದೇ ಸಮ ಬರೋ ಟಾರ್ಕ್‌ಗೆ. ಡ್ರ್ಯಾಗ್ ಸ್ಟಾರ್ಟ್ ಹಂಗಿರಲ್ಲ. 5,000 ಆರ್‌ಪಿಎಂನಲ್ಲಿ ಎಂಜಿನ್ ತಿರುಗ್ತಿರುತ್ತೆ, ಕಾರು ನಿಂತಿರುತ್ತೆ, ಕ್ಲಚ್‌ನಿಂದ ಕಾಲು ತಟ್ಟಂತ ತೆಗಿತಾರೆ. ಎಂಜಿನ್ ಟಾರ್ಕ್ ಜೊತೆಗೆ ತಿರುಗ್ತಿದ್ದ ಫ್ಲೈವೀಲ್‌ನ ವೇಗಾನೂ ಒಂದೇ ಏಟಿಗೆ ಗೇರಿನ ಹಲ್ಲಿನ ಮೇಲೆ ಬೀಳುತ್ತೆ. ಆ ಏಟು ಎಲ್ಲಾದ್ರೂ ಖರ್ಚಾಗಲೇಬೇಕು. ಸಾಮಾನ್ಯ ಟೈರ್ ಇದ್ರೆ ಟೈರ್ ಜಾರುತ್ತೆ, ಹೊಗೆ ಬರುತ್ತೆ, ಬಾಕ್ಸ್ ಉಳಿಯುತ್ತೆ. ಅಂಟಿಕೊಳ್ಳೋ ಡ್ರ್ಯಾಗ್ ಟೈರ್ ಹಾಕಿದ್ರೆ ಟೈರ್ ಜಾರಲ್ಲ. ಆಗ ಕ್ಲಚ್ ಜಾರಬೇಕು. ಅದೂ ಗಟ್ಟಿಯಾಗಿ ಹಿಡಿದ್ರೆ ಉಳಿಯೋದು ಗೇರಿನ ಹಲ್ಲು, ಪ್ರೊಪೆಲ್ಲರ್ ಶಾಫ್ಟ್, ಹಿಂದಿನ ಆಕ್ಸಲ್.

ಆದ್ದರಿಂದ ಗೇರ್‌ಬಾಕ್ಸ್ ಆರಿಸೋಕೆ ಮುಂಚೆ, ಏನು ಜಾರಬೇಕು ಅಂತ ನಾವೇ ತೀರ್ಮಾನ ಮಾಡಬೇಕು. ನಾವು ಮಾಡ್ಲಿಲ್ಲ ಅಂದ್ರೆ ಕಾರೇ ಮಾಡುತ್ತೆ.

3/6

"ಆಟೋಮ್ಯಾಟಿಕ್ ಹಾಕ್ಸಿ ಮುಗಿಸು" ಅಂತ ನೀವು ಹೇಳೋಕೆ ಮುಂಚೆ ನಾನೇ ಹೇಳಿದ್ದೆ.

ಕಾರಣ ಇದೆ. ಆಟೋಮ್ಯಾಟಿಕ್‌ನಲ್ಲಿ ಟಾರ್ಕ್ ಕನ್ವರ್ಟರ್ ಇರುತ್ತೆ, ಎಣ್ಣೆ ಮೂಲಕ ಶಕ್ತಿ ಸಾಗುತ್ತೆ. ಏಟು ಮೆತ್ತಗಾಗುತ್ತೆ, ಸ್ಟಾರ್ಟ್‌ನಲ್ಲಿ ಟಾರ್ಕ್ ಹೆಚ್ಚೂ ಆಗುತ್ತೆ. ಪ್ರತಿ ಓಟಾನೂ ಹೆಚ್ಚುಕಮ್ಮಿ ಒಂದೇ ತರ ಬರುತ್ತೆ. ಹಾಟ್ ರಾಡ್ ಪತ್ರಿಕೆಯವರು 2005ರಲ್ಲಿ ಶುರು ಮಾಡಿದ ಡ್ರ್ಯಾಗ್ ವೀಕ್ ಅಂತ ಒಂದಿದೆ. ದಿನಾ ಒಂದು ಸ್ಟ್ರಿಪ್‌ನಲ್ಲಿ ಓಡಿಸಿ, ಅದೇ ಕಾರನ್ನ ರಸ್ತೆ ಮೇಲೆ ಮುಂದಿನ ಸ್ಟ್ರಿಪ್‌ಗೆ ತಗೊಂಡು ಹೋಗಬೇಕು. ವಾರದಲ್ಲಿ ಒಟ್ಟು ಸುಮಾರು 1,000 ಮೈಲಿ. ಅಲ್ಲಿನ ಅತಿ ವೇಗದ ಕಾರುಗಳಲ್ಲಿ ಹೆಚ್ಚಿನವು ಆಟೋಮ್ಯಾಟಿಕ್ಕೇ.

ಅಣ್ಣ ಎಲ್ಲಾ ಕೇಳಿ ಒಂದೇ ಮಾತು ಹೇಳಿದ: "ಎಡಗಾಲಿಗೆ ಕೆಲಸ ಇಲ್ದೇ ಇದ್ರೆ ನಂಗೆ ನಿದ್ದೆ ಬರುತ್ತೆ ಕಣೇ."

ಇದಕ್ಕೆ ಶೀಟಲ್ಲಿ ಕಾಲಂ ಇಲ್ಲ. ಅವನು ಡ್ರೈವಿಂಗ್ ಕಲ್ತಿದ್ದು ದೊಡ್ಡಪ್ಪನ ಹಳೇ ಲಾರೀಲಿ, ನನಗೆ ಕಲಿಸಿದ್ದು ಅವನು. ಹಾಗಾಗಿ ಮ್ಯಾನ್ಯುಯಲ್ ಅನ್ನೋದನ್ನ ಫಿಕ್ಸೆಡ್ ಅಂತ ಬರ್ಕೊಂಡು ಮುಂದಕ್ಕೆ ಹೋದೆ.

4/6

ಉಳಿದ ದಾರಿ ಮೂರು.

ಒಂದು: ರೇಸಿಗಂತಲೇ ಮಾಡೋ ನಾಲ್ಕು ಗೇರಿನ ಫೇಸ್‌ಪ್ಲೇಟೆಡ್ ಬಾಕ್ಸ್. ಅಣ್ಣನ ಮನಸ್ಸು ಇದರ ಮೇಲೇ ಇತ್ತು. ಮಾಮೂಲಿ ಬಾಕ್ಸ್‌ನಲ್ಲಿ ಸಿಂಕ್ರೊ ರಿಂಗ್ ಇರುತ್ತೆ, ಎರಡು ಗೇರಿನ ವೇಗ ಸಮ ಮಾಡಿ ಆಮೇಲೆ ಕೂಡಿಸುತ್ತೆ. ಅದಕ್ಕೆ ಒಂಚೂರು ಟೈಮ್ ಬೇಕು. ಇದರಲ್ಲಿ ಆ ರಿಂಗೇ ಇರಲ್ಲ. ದಪ್ಪ ದಪ್ಪ ಹಲ್ಲು, ಆಕ್ಸಿಲರೇಟರ್ ಬಿಡದೇ, ಕ್ಲಚ್ ಒತ್ತದೇ ಎಳೆದ್ರೂ ಗೇರ್ ಬೀಳುತ್ತೆ. ಸ್ಟ್ರಿಪ್ ಮೇಲೆ ಸ್ವರ್ಗ. ಆದ್ರೆ ಸಿಗ್ನಲ್‌ನಲ್ಲಿ ನಿಧಾನಕ್ಕೆ ಹಾಕಿದ್ರೆ ಕಟಕಟ ಅಂತ ಬಡ್ಕೊಳ್ಳುತ್ತೆ, ಹಲ್ಲಿನ ಅಂಚು ಸವೆಯುತ್ತೆ. ಹಳೇ ಲಾರಿಗಳಲ್ಲಿ ಡಬಲ್ ಕ್ಲಚ್ ಮಾಡ್ತಿದ್ರಲ್ಲ, ಆ ಪೀಳಿಗೆಯ ತಾಳ್ಮೆ ಬೇಕು.

ಎರಡು: ಟ್ರೆಮೆಕ್ ಟಿಕೆಎಕ್ಸ್. ಐದು ಗೇರ್, ಸಿಂಕ್ರೊ ಇದೆ, ರೇಟಿಂಗ್ 600 ಪೌಂಡ್-ಫೂಟ್. ಐದನೇ ಗೇರ್ ಓವರ್‌ಡ್ರೈವ್.

ಮೂರು: ಟಿ-56 ಮ್ಯಾಗ್ನಮ್. ಆರು ಗೇರ್, ಎರಡು ಓವರ್‌ಡ್ರೈವ್, 2.66ರ ಫಸ್ಟ್ ಗೇರ್ ಇರೋದಕ್ಕೆ ರೇಟಿಂಗ್ 700. ಗಟ್ಟಿ, ಆದ್ರೆ ದೊಡ್ಡದು, ಭಾರ. 400 ಟಾರ್ಕ್‌ಗೆ 700ರ ಬಾಕ್ಸ್ ಅಂದ್ರೆ ಇಬ್ಬರ ಮನೆಗೆ ಹತ್ತು ರೂಮು ಕಟ್ಟಿಸಿದ ಹಾಗೆ. ಇದನ್ನ ಬೇಗ ಬಿಟ್ವಿ.

ಇನ್ನೊಂದು ವಿಷಯ. ಬಾಕ್ಸ್‌ನ ಬೆಲೆ ಅಂದ್ರೆ ಖರ್ಚಿನ ಶುರು ಅಷ್ಟೇ. ಬೆಲ್‌ಹೌಸಿಂಗ್, ಕ್ಲಚ್, ಕ್ರಾಸ್‌ಮೆಂಬರ್, ಶಿಫ್ಟರ್, ಅಳತೆಗೆ ಕತ್ತರಿಸಿದ ಪ್ರೊಪೆಲ್ಲರ್ ಶಾಫ್ಟ್, ಎಲ್ಲಾ ಸೇರಿದ ಮೇಲೇ ಅದು ನಿಜವಾದ ರೇಟು. ಯಾರಾದ್ರೂ "ಬಾಕ್ಸ್ ಚೀಪಾಗಿ ಸಿಕ್ತು" ಅಂದ್ರೆ ಉಳಿದ ಬಿಲ್ ತೋರಿಸು ಅನ್ನಿ.

5/6

ಈಗ ರೇಷಿಯೋ. ಗಣಿತ ಅಂದ್ರೆ ಭಯ ಇರೋರು ಹೆದರ್ಬೇಡಿ, ಬರೀ ಗುಣಾಕಾರ.

ಫಸ್ಟ್ ಗೇರ್ ರೇಷಿಯೋನ ಹಿಂದಿನ ಆಕ್ಸಲ್ ರೇಷಿಯೋದಿಂದ ಗುಣಿಸಿ. ಅಣ್ಣನ ಆಕ್ಸಲ್ 3.73. ಹಳೇ ಟಿ-5ರ ಫಸ್ಟ್ 3.35, ಗುಣಿಸಿದ್ರೆ 12.5. ಟಿಕೆಎಕ್ಸ್‌ನಲ್ಲಿ ಎರಡು ಆಯ್ಕೆ: ಫಸ್ಟ್ 3.27 ಆದ್ರೆ 12.2, 2.87 ಆದ್ರೆ 10.7. ಈ ಸಂಖ್ಯೆ ದೊಡ್ಡದಾದಷ್ಟೂ ಚಕ್ರಕ್ಕೆ ಬರೋ ಟಾರ್ಕ್ ಜಾಸ್ತಿ. ಸಣ್ಣ ಎಂಜಿನ್‌ಗೆ ಅದು ಬೇಕು. 400 ಟಾರ್ಕ್ ಇರೋ ಕಾರಿಗೆ ಅದು ಟೈರ್ ಸುಡೋಕೆ, ಇಲ್ಲಾ ಹಲ್ಲು ಮುರಿಯೋಕೆ. ಮೇಲಾಗಿ ಫಸ್ಟ್ ಗೇರ್ ಬೇಗ ಮುಗಿದು ಹೋಗುತ್ತೆ. 2.87 ಅಂತ ಬರೆದೆ.

ಆಮೇಲೆ ಹೈವೇ. 26 ಇಂಚಿನ ಟೈರ್, ಗಂಟೆಗೆ 70 ಮೈಲಿ. ಓವರ್‌ಡ್ರೈವ್ ಇಲ್ಲದ ನಾಲ್ಕು ಗೇರಿನ ಬಾಕ್ಸ್‌ನಲ್ಲಿ ಟಾಪ್ ಗೇರ್ 1.00, ಎಂಜಿನ್ 3,370 ಆರ್‌ಪಿಎಂ ಹತ್ರ ಕಿರುಚ್ತಾ ಇರುತ್ತೆ. 0.68ರ ಐದನೇ ಗೇರಿನಲ್ಲಿ ಅದೇ ವೇಗಕ್ಕೆ ಸುಮಾರು 2,290.

ಇಷ್ಟು ಆದ್ಮೇಲೆ ಒಂದು ಸಣ್ಣ ಟೇಬಲ್ ಮಾಡಿ ಅವನಿಗೆ ಕಳಿಸಿದೆ. ವರ್ಷಕ್ಕೆ ಹತ್ತು ಶನಿವಾರ, ದಿನಕ್ಕೆ ನಾಲ್ಕು ಓಟ, ತಲಾ 12 ಸೆಕೆಂಡ್: ಒಟ್ಟು 8 ನಿಮಿಷ. ಆಫೀಸಿಗೆ ಹೋಗಿ ಬರೋಕೆ ದಿನಕ್ಕೆ 80 ನಿಮಿಷ, ವಾರಕ್ಕೆ ಐದು ದಿನ, 28 ವಾರ: ಒಟ್ಟು 186 ಗಂಟೆ.

ಅರ್ಧ ಗಂಟೆ ರಿಪ್ಲೈ ಇಲ್ಲ. ಆಮೇಲೆ ಬಂತು: "ಆ 8 ನಿಮಿಷಕ್ಕೋಸ್ಕರಾನೇ ಉಳಿದ 186 ಗಂಟೆ ಕಣೇ ಪುಟ್ಟಿ."

ಇದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಗಂಟೆ ಎಣಿಸಿದ್ರೆ ನನ್ನದು ಸರಿ, ಬದುಕು ಎಣಿಸಿದ್ರೆ ಅವನದೂ ಸರಿ. ಆದ್ರೂ ಒಂದು ಕೇಳಿದೆ: "ಶನಿವಾರ ಬಾಕ್ಸ್ ಮುರಿದ್ರೆ ಸೋಮವಾರ ಏನು ಮಾಡ್ತೀಯಾ?" ಆಗ ಫೋನ್ ಮಾಡಿದ.

6/6

ಕೊನೆಗೆ ಆಗಿದ್ದು: ಟಿಕೆಎಕ್ಸ್, ಫಸ್ಟ್ 2.87, ಐದನೇದು 0.68. ಫೇಸ್‌ಪ್ಲೇಟೆಡ್ ಕೈಬಿಟ್ಟ. ಶಿಫ್ಟ್‌ನಲ್ಲಿ ಸ್ವಲ್ಪ ಟೈಮ್ ಹೋಗುತ್ತೆ, ಹೋಗ್ಲಿ. ಕ್ಲಚ್‌ಗೆ ಒಂದು ಚಿಕ್ಕ ಹೈಡ್ರಾಲಿಕ್ ಡ್ಯಾಂಪರ್ ಕೂಡಿಸ್ತಾನೆ. ಕಾಲು ತಟ್ಟಂತ ತೆಗೆದ್ರೂ ಪೆಡಲ್ ಕೊನೇ ಭಾಗ ನಿಧಾನಕ್ಕೆ ಮೇಲೆ ಬರುತ್ತೆ. ಅಂದ್ರೆ ಏನು ಜಾರಬೇಕು ಅನ್ನೋದಕ್ಕೆ ನಮ್ಮ ಉತ್ತರ: ಕ್ಲಚ್. ಅದರ ಪ್ಲೇಟ್ ಸವೆಯುತ್ತೆ, ಬದಲಾಯಿಸಬಹುದು.

ಆದ್ರೆ ಶೀಟಿನ ಮೊದಲ ಸಾಲಲ್ಲಿ ಬಾಕ್ಸ್ ಇಲ್ಲ. ಅಲ್ಲಿರೋದು ಎಸ್‌ಎಫ್‌ಐ 6.1 ಪ್ರಮಾಣದ ಸ್ಟೀಲ್ ಬೆಲ್‌ಹೌಸಿಂಗ್. ಫ್ಲೈವೀಲ್, ಕ್ಲಚ್ ಎರಡೂ ಡ್ರೈವರ್ ಪಾದದ ಪಕ್ಕದಲ್ಲೇ ತಿರುಗೋದು. 6,000 ಆರ್‌ಪಿಎಂನಲ್ಲಿ ಅದು ಒಡೆದ್ರೆ ಚೂರುಗಳು ಅಲ್ಯೂಮಿನಿಯಂ ಕವಚ ಸೀಳಿಕೊಂಡು ಒಳಗೆ ಬರಬಹುದು. ಅಮೆರಿಕದ ಡ್ರ್ಯಾಗ್ ಸಂಸ್ಥೆ ಎನ್‌ಎಚ್‌ಆರ್‌ಎ ನಿಯಮದಲ್ಲಿ, 11.49 ಸೆಕೆಂಡ್ ಅಥವಾ ಅದಕ್ಕಿಂತ ಬೇಗ ಮುಗಿಸೋ ಕ್ಲಚ್ ಕಾರಿಗೆ ಇಂಥ ಕವಚ ಕಡ್ಡಾಯ. "ನಾನಿನ್ನೂ 12ರಲ್ಲಿದ್ದೀನಿ, ನಂಗೆ ಬೇಡ" ಅಂದ. "ನಿಯಮ ಸೆಕೆಂಡ್ ನೋಡುತ್ತೆ, ನಾನು ನಿನ್ನ ಎಡಗಾಲು ನೋಡ್ತೀನಿ. ಅದಕ್ಕೆ ಕೆಲಸ ಬೇಕು ಅಂದೋನು ನೀನೇ" ಅಂದೆ. ದೊಡ್ಡಮ್ಮನಿಗೆ ಫೋನ್ ಕೊಡ್ತೀನಿ ಅಂದ ಮೇಲೆ ಒಪ್ಕೊಂಡ. ಮನೇಲಿ ಅವರ ಮಾತಿಗೆ ಅಪೀಲ್ ಇಲ್ಲ.

ಹೆಚ್ಚಾದ ಖರ್ಚಿಗೆ ಬೇರೆ ವೀಲ್ ತಗೊಳ್ಳೋದು ಮುಂದಿನ ವರ್ಷಕ್ಕೆ ಹೋಯ್ತು.

ಆರ್ಡರ್ ಆಗಿದೆ, ಪಾರ್ಟ್ ಬರಬೇಕು. ಬಂದ ಮೇಲೆ ಅವನು ಗ್ಯಾರೇಜ್ ನೆಲದ ಮೇಲೆ ಮಲಗಿಕೊಂಡು ಬೋಲ್ಟ್ ಬಿಗಿಯೋದು, ನಾನು ವಿಡಿಯೋ ಕಾಲ್‌ನಲ್ಲಿ ಲಿಸ್ಟ್ ಓದೋದು. ಅದರ ಫೋಟೋ ಹಾಕ್ತೀನಿ.

ಒಂದು ಮಾತು, ಮುಖ್ಯವಾಗಿ ನಮ್ಮ ಕಾಲೇಜ್ ಹುಡುಗರಿಗೆ: ಇದೆಲ್ಲಾ ಸ್ಟ್ರಿಪ್‌ನಲ್ಲಿ, ಹೆಲ್ಮೆಟ್ ಹಾಕ್ಕೊಂಡು, ಎದುರಿಂದ ಯಾರೂ ಬರದ ಜಾಗದಲ್ಲಿ. ರಿಂಗ್ ರೋಡ್ ಸ್ಟ್ರಿಪ್ ಅಲ್ಲ.

ನೀವಾಗಿದ್ರೆ ಯಾವುದು ಆರಿಸ್ತಿದ್ರಿ? 8 ನಿಮಿಷದ್ದೋ, 186 ಗಂಟೆಯದ್ದೋ? ಕಾಮೆಂಟಲ್ಲಿ ಕಾರಣ ಸಮೇತ ಬರೀರಿ, ಅಣ್ಣ ಓದ್ತಾನೆ.

#ಗೇರ್‌ಬಾಕ್ಸ್ #ಮಸ್ಟ್ಯಾಂಗ್ #ಬಿಕಾಂಲೆಕ್ಕ #ದಾವಣಗೆರೆ